ಕೆಂಪಾಗದ ಸೇಬು

ಬಾಳೇಶ ಸೇಬಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ನೀಲಾ ನಗಲಿಲ್ಲ. ಆ ನಗುವಿಗಾಗಿಯೇ ಅವನು ರಾಮದುರ್ಗದಿಂದ ನೇಸರಗಿಗೆ ಬಸ್ ಬದಲಿಸುತ್ತ ಬಂದಿದ್ದ.

ಮೂರು ವರ್ಷದ ಹಿಂದೆ ಸಸಿ ಕೊಟ್ಟವಳು ಇವಳೇ. ಅಪ್ಪನ ನರ್ಸರಿಯಲ್ಲಿ ಮಣ್ಣುಗೈಯಲ್ಲೇ ಪಾಠ ಹೇಳಿದ್ದಳು. "ನಮ್ಮ ಕಡೆ ಥಂಡಿ ಸಾಲೂದಿಲ್ರಿ. ಡಿಸೆಂಬರ್‌ದಾಗ ಎಲಿ ಎಲ್ಲಾ ಕಿತ್ತು ಗಿಡಾ ಮಲಗಿಸ್ಬೇಕು. ಆಮ್ಯಾಲೇ ಹೂ."

"ಜೋಗುಳಾನೂ ಹಾಡ್ಬೇಕೇನ್ರಿ?"

"ಹಾಡ್ರಿ. ನಾ ಬಂದು ಕೇಳ್ತೇನಿ." ಓರೆಗಣ್ಣಲ್ಲಿ ನೋಡಿ, ತುಟಿ ಕಚ್ಚಿ ನಗು ತಡೆದಿದ್ದಳು.

ಹೇಳಿದಂತೆಯೇ ಪ್ರತಿ ಡಿಸೆಂಬರಿಗೂ ಅಪ್ಪನ ಜೊತೆ ಬಂದಳು. ಒಂದೇ ಕೊಂಬೆಯ ಎಲೆ ಕೀಳುವಾಗ ಬೆರಳು ತಾಗಿದರೆ ಇಬ್ಬರೂ ಗಿಡವನ್ನೇ ನೋಡುತ್ತಿದ್ದರು.

ಈ ಮೇ ತಿಂಗಳಲ್ಲಿ ಫೋನ್ ಮಾಡಿದಳು. "ಮೊದಲ ಹಣ್ಣು ತಗೊಂಡು ಬರ್ರಿ. ಅಪ್ಪಗ ಏನರ ಕೇಳೂದಿದ್ರ ಅವತ್ತ ಕೇಳ್ರಿ."

ಕಾಯಿ ಹಳದಿಯಾಯಿತು. ಆದರೆ ಬಾಳೇಶ ಹುಟ್ಟಿದಾಗಿನಿಂದ ಕಂಡ ಸೇಬೆಲ್ಲ ಕೆಂಪು. ಕೆಂಪಾಗಲೆಂದು ಕಾದ, ಪೆದ್ದ! ನೀಲಾ ಮತ್ತೆರಡು ಸಲ ಕೇಳಿದಾಗಲೂ "ಇನ್ನೂ ಹಣ್ಣಾಗಿಲ್ರಿ" ಎಂದ. ಜೂನ್ ಮುಗಿಯಿತು, ಹಣ್ಣು ಉದುರತೊಡಗಿತು. ಏನೋ ರೋಗವೆಂದು ಹೆದರಿ ಉಳಿದದ್ದನ್ನು ಕಿತ್ತು ತಂದಿದ್ದ.

ನೀಲಾ ಒಂದನ್ನು ಒಡೆದಳು. ಒಳಗೆಲ್ಲ ಹಿಟ್ಟು ಹಿಟ್ಟಾಗಿತ್ತು.

"ರೋಗ ಅಲ್ರಿ. ಇದು ಹಳದಿ ಜಾತಿ. ಹಳದಿ ಆತಂದ್ರ ಹಣ್ಣಾತು."

"ಅಂದ್ರ ನೀವು ಮತ್ತ ಫೋನ್ ಮಾಡಿ ಕೇಳಿದಾಗನ..."

"ಆಗನ ಹಣ್ಣಾಗಿತ್ತು. ಅದು ನನಗ ಗೊತ್ತಿತ್ರಿ, ನರ್ಸರಿ ಹುಡುಗಿ ನಾ. ಹಳದಿ ಜಾತಿ ಅಂತ ನಿಮಗೂ ಗೊತ್ತೈತಿ ಅಂದ್ಕೊಂಡಿದ್ದೆ." ಅವಳು ಒಡೆದ ಹಣ್ಣನ್ನು ಕೈಯಲ್ಲೇ ತಿರುಗಿಸಿದಳು. "ನೀವು ಇನ್ನೂ ಇಲ್ಲ ಅಂದ್ರಿ. ಮನಸಿಲ್ಲ, ನೆವಾ ಹೇಳಾಕತ್ತಾರ ಅಂತ ತಿಳಕೊಂಡೆ. ಹ್ವಾದ ಸೋಮವಾರ ನನ್ನ ನೋಡಾಕ ಬಂದಿದ್ದ ತೊರಗಲ್ಲ ಊರಿನ ಸುಭಾಸಗ ಮದವಿಗೆ ಹೂಂ ಅಂದೇನಿ."

ಬಾಳೇಶ ಚೀಲ ಕೆಳಗಿಟ್ಟ. ಕಟ್ಟೆಯ ಮೇಲೆ ಕುಳಿತ. "ನಿಮ್ಮನ್ನ ಕೇಳಾಕಂತನ ಕಾದೆ, ನೀಲಾ. ಚೊಲೊ ಹಣ್ಣು ಕೈಯಾಗ ಇಟ್ಟು ಕೇಳ್ಬೇಕಂತ."

"ಕಾಯಿ ತಂದಿದ್ರೂ ನಡೀತಿತ್ತು."

"ಈಗ ಏನೂ ಮಾಡಾಕ ಬರೂದಿಲ್ಲೇನು?"

"ಅವರು ಒಳ್ಳೆ ಮನಷ್ಯಾರು. ಅವರಿಗೆ ಮೋಸ ಮಾಡಲಾರೆ."

ಅವನಿಗೆ ಕೋಪ ಬಂದದ್ದು ತನ್ನ ಮೇಲೆಯೇ. ನೀಲಾ ಆ ಹಿಟ್ಟುಹಣ್ಣನ್ನೇ ಕಚ್ಚಿ ಮೆಲ್ಲಗೆ ಅಗಿದಳು.

"ಸಿಹಿ ಐತ್ರಿ. ಮುಂದಿನ ವರ್ಷ ಹಳದಿ ಆದ ಕೂಡಲೇ ಹರೀರಿ."

"ಹರದು ಯಾರಿಗೆ ತರ್ಲಿ?"

ನೀಲಾ ಉಳಿದ ಹಣ್ಣನ್ನು ಕೈಯಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.