ತೊಗರಿಬೇಳೆಯ ಹೆಲ್ಮೆಟ್ಟು

"ಇವೇನವಾ ಅರ್ಷಿಯಾ? ಬ್ಯಾಳಿ ಚೆಲ್ಲೀರೇನು?"

ದತ್ತಾತ್ರಿ ಸರ್ ಕನ್ನಡಕವನ್ನು ಹಣೆಗೇರಿಸಿಕೊಂಡು ಥರ್ಮಾಕೋಲಿನ ಸ್ಟೇಡಿಯಮ್ಮಿನೊಳಗೆ ಇಣುಕಿದರು.

"ಚೆಲ್ಲಿಲ್ರಿ ಸರ್. ಅವು ಹೆಲ್ಮೆಟ್," ಎಂದಳು ಅರ್ಷಿಯಾ.

"ತಳಗ ಮಂದಿ ಅದಾರ್ರಿ, ಸರಿಯಾಗಿ ನೋಡ್ರಿ," ಎಂದು ಗೆಳತಿ ಕಾಜಲ ಬಾಯಿ ಹಾಕಿದಳು. "ಬ್ಯಾಳಿ ನಮ್ಮ ಹೊಲದ್ದರಿ. ಈ ವರ್ಷದ್ದು!"

ಸರ್ ಇನ್ನಷ್ಟು ಬಗ್ಗಿದರು. ಹೌದು, ಮಂದಿಯೇ. ಅರ್ಧ ಕಟ್ಟಿದ ಚಾವಣಿಯ ಮೇಲೆ, ಕಂಬಗಳ ಬುಡದಲ್ಲಿ, ಎಲ್ಲೆಲ್ಲೂ ಬೆಂಕಿಕಡ್ಡಿಯ ಪುಟ್ಟ ಮನುಷ್ಯರು. ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಹಳದಿ ತೊಗರಿಬೇಳೆ, ಬೋರಲು ಹಾಕಿದ ಬಟ್ಟಲಿನ ಹಾಗೆ. ಎಲ್ಲರೂ ಸೊಂಟದಲ್ಲಿ ಬಗ್ಗಿದ್ದರು. ಅವರ ಸುತ್ತ ಬಣ್ಣದ ಚಾರ್ಟ್ ಪೇಪರಿನಲ್ಲಿ ಮಡಚಿ ಮಾಡಿದ ಸಾಲು ಸಾಲು ಕುರ್ಚಿಗಳು. ಕುರ್ಚಿಗಳು ಮಾತ್ರ ಖಾಲಿ.

ಅಂದು ಶನಿವಾರ. ಹುಮನಾಬಾದಿನ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ಮಕ್ಕಳ ವಸ್ತುಪ್ರದರ್ಶನ. ಬಸವಕಲ್ಯಾಣದಿಂದ ಮೂವರೂ ಬೆಳಗಿನ ಬಸ್ಸಿಗೇ ಹೊರಟು, ಸ್ಟೇಡಿಯಂ ಕುಣಿಯದಂತೆ ಸರದಿಯಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಮೇಜಿನ ಹಿಂದಿನ ಚಾರ್ಟಿನಲ್ಲಿ ಸರ್ ತಾವೇ ದಪ್ಪ ಅಕ್ಷರದಲ್ಲಿ ಬರೆದಿದ್ದರು: 'ಫುಟ್‌ಬಾಲ್ ವರ್ಲ್ಡ್ ಕಪ್‌ಗೆ ಸೌದಿ ದೇಶದ ತಯಾರಿ.'

"ಛಲೋ ಮಾಡೀರಿ. ಆದ್ರ ಈ ಮಂದೀನ ತಗೀರಿ," ಎಂದರು ಸರ್. "ಸ್ಟೇಡಿಯಂ ಅಂದ್ರ ಲೈಟ್ ಇರಬೇಕು, ಪ್ಲೇಯರ್ ಇರಬೇಕು. ಇವರನ್ನ ನೋಡಿದ್ರ ಕೆಲಸ ಇನ್ನಾ ಮುಗಿದಿಲ್ಲೇನೋ ಅಂದಂಗ ಅನಿಸ್ತದ."

"ಕೆಲಸ ಮುಗಿದೇ ಇಲ್ಲಲ್ರಿ ಸರ್," ಎಂದಳು ಅರ್ಷಿಯಾ. "ಅದಕ್ಕೇ ನಮ್ಮ ಅಬ್ಬಾಗ ರಜಾ ಕೊಟ್ಟಿಲ್ಲ."

ಸರ್‌ಗೆ ಆ ಮಾತು ಕೇಳಿಸಿತೋ ಇಲ್ಲವೋ, ಪಕ್ಕದ ಮೇಜಿನ ಕಡೆಗೆ ಹೊರಟೇಬಿಟ್ಟರು.

ಅರ್ಷಿಯಾಳ ಅಬ್ಬಾ ಮೊಹಿನುದ್ದೀನ್ ಸೌದಿಗೆ ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಹೊಸ ಸ್ಟೇಡಿಯಮ್ಮಿಗೆ ಕಬ್ಬಿಣದ ಸಳಿ ಕಟ್ಟುವ ಕೆಲಸ. ಸಳಿಯ ಮೇಲೆ ಸಳಿ ಇಟ್ಟು, ಕೂಡುವ ಕಡೆಯಲ್ಲೆಲ್ಲ ತಂತಿ ಸುತ್ತಿ ಬಿಗಿಯಬೇಕು. ಅದರ ಮೇಲೆ ಸಿಮೆಂಟು ಬೀಳುತ್ತದೆ. ಆಮೇಲೆ ಅಬ್ಬಾ ಕಟ್ಟಿದ ಒಂದು ಗಂಟೂ ಯಾರಿಗೂ ಕಾಣುವುದಿಲ್ಲ.

ಅಬ್ಬಾಗೆ ಶುಕ್ರವಾರ ರಜೆ. ನಿನ್ನೆ ಶಾಲೆ ಬಿಟ್ಟು ಬರುವಷ್ಟರಲ್ಲಿ ಅವರ ವಿಡಿಯೋ ಕಾಲ್ ಬಂದಿತ್ತು. ಪ್ರತಿ ವಾರದ ಹಾಗೆ ಮೊದಲು ಅರ್ಷಿಯಾ ತಲೆಗೆ ದುಪಟ್ಟಾ ಹೊದ್ದು, ಆ ವಾರ ಕಲಿತ ಕುರಾನಿನ ಆಯತ್‌ಗಳನ್ನು ಓದಿ ಒಪ್ಪಿಸಿದಳು. ಅಬ್ಬಾ ಕಣ್ಣು ಮುಚ್ಚಿ ಕೇಳಿದರು. ಅವಳು ಓದುವಾಗ ಅವರು ಒಂದು ಮಾತೂ ಆಡುವುದಿಲ್ಲ. ತುಟಿ ಮಾತ್ರ ಅವಳ ಜೊತೆ ಮೆಲ್ಲಗೆ ಅಲುಗುತ್ತದೆ.

ಆಮೇಲೆ ಅವಳು ಫೋನನ್ನು ಸ್ಟೇಡಿಯಮ್ಮಿನ ಕಡೆ ತಿರುಗಿಸಿದ್ದಳು. ಆಗ ಬೆಂಕಿಕಡ್ಡಿಯವರೆಲ್ಲ ನೆಟ್ಟಗೆ ನಿಂತಿದ್ದರು.

"ಅರೆ ವಾಹ್! ಸಾಜಿದಭಾಯ್, ಬಾ ಇಲ್ಲಿ, ನನ್ನ ಮಗಳು ಬ್ಯಾಳಿ ಹೆಲ್ಮೆಟ್ ಹಾಕ್ಯಾಳ ನಮಗ!" ಕೋಣೆಯ ಜೊತೆಗಾರನನ್ನು ಕರೆದು ಅಬ್ಬಾ ಬಿದ್ದು ಬಿದ್ದು ನಕ್ಕರು. "ಆದ್ರ ಒಂದು ತಪ್ಪು ಆಗ್ಯದ ಬೇಟಾ. ನಿನ್ನ ಮಂದಿ ಎಲ್ಲಾ ಇಂಜಿನಿಯರ್ ಆಗಿ ನಿಂತಾರ. ಸಳಿ ಕಾಲಬುಡಕ ಇರ್ತಾವ. ನಾವು ಬಗ್ಗಬೇಕು, ತಂತಿ ಸುತ್ತಬೇಕು, ಹಂಗೇ ಮುಂದಕ್ಕ ಸರೀಬೇಕು."

"ನಮಾಜಿನ್ಯಾಗ ರುಕೂಕ್ಕ ಬಗ್ಗಿದಂಗೇನು?"

"ಹಾಂ, ಹಂಗೇ."

"ರುಕೂದಿಂದ ನಾವು ಲಗೂನ ಏಳ್ತೀವಿ. ನೀವು ಯಾವಾಗ ಏಳ್ತೀರಿ?"

ಅಬ್ಬಾ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಸಂಜೀಕ," ಎಂದರು.

ಆಮೇಲೆ ಫೋನನ್ನು ಹತ್ತಿರ ತಂದುಕೊಂಡರು. "ಬೇಟಾ, ರಂಜಾನ್ ಹಬ್ಬಕ್ಕ ಬರೂದು ಆಗಂಗಿಲ್ಲ. ಚಾವಣಿ ಏರೋತನಕ ಯಾರಿಗೂ ರಜಾ ಇಲ್ಲ ಅಂದಾರ."

ಹೋದ ವರ್ಷವೂ ಹೀಗೇ ಆಗಿತ್ತು. ಆಗ 'ಮುಂದಿನ ಹಬ್ಬಕ್ಕ ಪಕ್ಕಾ' ಎಂದಿದ್ದರು.

"ಮ್ಯಾಚ್ ಯಾವಾಗ ಅದ ಅಬ್ಬಾ?"

"ಇನ್ನಾ ಎಂಟು ವರ್ಷಕ್ಕ."

"ಎಂಟು ವರ್ಷದ ಮ್ಯಾಲಿನ ಆಟಕ್ಕ ಎಂಟು ದಿನ ರಜಾ ಕೊಡಂಗಿಲ್ಲೇನು? ಬಾಲ್ ಎಲ್ಲಿಗರ ಓಡಿ ಹೋಗ್ತದೇನು?"

ಅಮ್ಮಿ ಬಂದು ಫೋನ್ ತೆಗೆದುಕೊಂಡಳು.

ಅರ್ಷಿಯಾ ಸಿಟ್ಟಿನಿಂದ ಎಲ್ಲ ಕಡ್ಡಿಗಳನ್ನೂ ಕಿತ್ತು ಬಟ್ಟಲ ನೀರಿಗೆ ಹಾಕಿದಳು. ನೆನೆದ ಕಡ್ಡಿ ಮುರಿಯುವುದಿಲ್ಲ, ಬಗ್ಗುತ್ತದೆ. ಒಂದೊಂದನ್ನೇ ಸೊಂಟದಲ್ಲಿ ಬಗ್ಗಿಸಿದಳು. ಒಣಗಿದ ಮೇಲೆ ಒಂದನ್ನು ಮಾತ್ರ ಮತ್ತೆ ನೆಟ್ಟಗೆ ಮಾಡಲು ನೋಡಿದಳು. ಚಟ್! ಎರಡು ತುಂಡಾಯಿತು. ಉಳಿದವರನ್ನು ಬಗ್ಗಿದಂತೆಯೇ ಅಂಟಿಸಿ, ತಲೆಗೆ ಬೇಳೆ ಕೂರಿಸಿದ್ದಳು.

"ಇನ್ನಾ ತಗದಿಲ್ಲೇನವಾ?" ಸರ್ ಮತ್ತೆ ಬಂದರು. ಅವರ ಶಾಲೆಗೆ ಮೂರು ವರ್ಷದಿಂದ ಬಹುಮಾನ ಬಂದಿರಲಿಲ್ಲ. ಅದಕ್ಕೇ ಬೆಳಗಿನಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಜಡ್ಜ್ ಮೇಡಂ ಆ ಕೊನೀ ಸಾಲಿನ್ಯಾಗ ಅದಾರ. ಯಾರು ಕಟ್ಟಾಕತ್ತಾರ ಅನ್ನೋದು ಚಾರ್ಟಿನ್ಯಾಗ ಬರದೀನಲ್ಲ? 'ದೊಡ್ಡ ದೊಡ್ಡ ಕಂಪನಿಗಳು.' ಮುಗೀತು."

"ಕಂಪನಿಗೆ ಕೈ ಇರ್ತಾವೇನ್ರಿ ಸರ್?"

ಕಾಜಲ ಕಿಸಕ್ಕೆಂದಳು. ಸರ್‌ಗೆ ನಗು ಬರಲಿಲ್ಲ.

"ಮಾತು ಬಾಳ ಕಲ್ತೀದಿ. ಹೋಗು, ಕೈಗೆಲ್ಲಾ ಗಮ್ ಮೆತ್ತೇದ. ತೊಳಕೊಂಡು ಬಾ."

ನಲ್ಲಿಯ ಹತ್ತಿರ ಮಕ್ಕಳ ಸಾಲೇ ಇತ್ತು. ಅರ್ಷಿಯಾ ಕೈ ತೊಳೆದು ಬರುವಷ್ಟರಲ್ಲಿ ಸ್ಟೇಡಿಯಮ್ಮಿನ ಚಾವಣಿ ಬೋಳಾಗಿತ್ತು. ಕಡ್ಡಿ ನಿಂತಿದ್ದ ಕಡೆ ಗಮ್ಮಿನ ಚುಕ್ಕೆ ಮಾತ್ರ. ಹಸಿರು ಮೈದಾನದ ಮೇಲೆ ಎಲ್ಲಿಂದಲೋ ತಂದ ಪ್ಲಾಸ್ಟಿಕ್ಕಿನ ಇಬ್ಬರು ಆಟಗಾರರು ಕಾಲೆತ್ತಿ ನಿಂತಿದ್ದರು.

"ಬ್ಯಾಡ್ರಿ ಬ್ಯಾಡ್ರಿ ಅಂದೆ. ಸರ್ ಕೇಳಲೇ ಇಲ್ಲ," ಎಂದಳು ಕಾಜಲ. ಅವಳ ಕಣ್ಣು ತುಂಬಿತ್ತು.

"ಎಲ್ಲಿ ಹಾಕಿದ್ರು ಅವರನ್ನ?"

ಕಾಜಲ ಕಣ್ಣಲ್ಲೇ ತೋರಿಸಿದಳು. ಸರ್ ಅಂಗಿಯ ಜೇಬು ಪೆನ್ನಿನ ಪಕ್ಕದಲ್ಲಿ ಉಬ್ಬಿತ್ತು.

ಅರ್ಷಿಯಾ ಸರ್ ಕಡೆ ಹೆಜ್ಜೆ ಇಟ್ಟಳು. ಏನಾದರೂ ಹೇಳೋಣವೆಂದರೆ ಜಡ್ಜ್ ಮೇಡಂ ಬಂದೇಬಿಟ್ಟರು. ಶೇವಂತಾಬಾಯಿ ಮೇಡಂ ವಯಸ್ಸಾದವರು. ಪ್ರತಿ ಮೇಜಿನ ಮುಂದೆಯೂ ಕುರ್ಚಿ ಹಾಕಿಸಿಕೊಂಡು ಕೂತು ಕೇಳುತ್ತಿದ್ದರು.

ವರ್ಲ್ಡ್ ಕಪ್ ಯಾವಾಗ, ಎಷ್ಟು ದೇಶದವರು ಆಡುತ್ತಾರೆ, ಎಲ್ಲವನ್ನೂ ಕಾಜಲ ಕಂಠಪಾಠ ಒಪ್ಪಿಸಿದಳು. ಸರ್ ಹಿಂದೆ ನಿಂತು ತಲೆಯಾಡಿಸಿದರು.

"ಭಾರಿ ಅದ," ಎಂದರು ಮೇಡಂ. "ಇಷ್ಟು ದೊಡ್ಡದನ್ನ ಕಟ್ಟೋರು ಯಾರವಾ?"

ಕಾಜಲ ಚಾರ್ಟಿನ ಕಡೆ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಕಟ್ಟೋರು ನಮ್ಮ ಸರ್ ಜೇಬಿನ್ಯಾಗ ಅದಾರ್ರಿ ಮೇಡಂ," ಎಂದಳು ಅರ್ಷಿಯಾ.

ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ. ತಿರುಗಿ ಸರ್ ಮುಖ ನೋಡಿದರು. ದತ್ತಾತ್ರಿ ಸರ್ ಕೆಂಪಾಗಿ, ಜೇಬಿಗೆ ಕೈ ಹಾಕಿ, ಹಿಡಿ ತುಂಬ ಕಡ್ಡಿಗಳನ್ನು ಮೇಜಿನ ಮೇಲಿಟ್ಟರು. ಬೇಳೆಗಳು ಕಳಚಿ ಟಪ್ ಟಪ್ ಎಂದು ಉದುರಿದವು.

ಮೇಡಂ ಒಂದು ಕಡ್ಡಿಯನ್ನು ಬೆಳಕಿಗೆ ಹಿಡಿದರು. "ಇವರು ಯಾಕ ಬಗ್ಗ್ಯಾರ?"

"ಸಳಿ ಕಟ್ಟೋರು ಬಗ್ಗೇ ಇರ್ತಾರ್ರಿ. ನಮ್ಮ ಅಬ್ಬಾ ಅಲ್ಲೇ ಅದಾರ. ಮುಂಜಾನೆ ಬಗ್ಗಿದ್ರ ಸಂಜೀಕೇ ಏಳೋದು. ಹಬ್ಬಕ್ಕೂ ಬಿಡಂಗಿಲ್ಲ ಅಂದಾರ." ಅರ್ಷಿಯಾ ಉದುರಿದ ಬೇಳೆಗಳನ್ನು ಒಟ್ಟು ಮಾಡಿದಳು. "ಮ್ಯಾಚ್ ನೋಡಾಕ ಬರೋರಿಗೆ ಅವರು ಯಾರೂ ಕಾಣಂಗಿಲ್ರಿ ಮೇಡಂ. ನಾ ಮಾಡಿದ್ರಾಗೂ ಕಾಣಬಾರದಂದ್ರ, ಮತ್ತ ಎಲ್ಲಿ ಕಾಣಬೇಕ್ರಿ ಅವರು?"

ಮೇಡಂ ಆ ಕಡ್ಡಿಯನ್ನು ಮೆಲ್ಲಗೆ ಚಾವಣಿಯ ಮೇಲಿಟ್ಟರು. ಕಾಗದದಲ್ಲಿ ಏನೋ ಬರೆದುಕೊಂಡರು. ಮುಂದಿನ ಮೇಜಿಗೆ ಹೋದರು.

ಬಹುಮಾನ ಮುಡಬಿಯಿಂದ ಬಂದ ಮಕ್ಕಳ ಗಾಳಿಯಂತ್ರಕ್ಕೆ ಹೋಯಿತು.

ಸಂಜೆಯ ಬಸ್ಸಿನಲ್ಲಿ ಸ್ಟೇಡಿಯಂ ಮತ್ತೆ ಅರ್ಷಿಯಾಳ ತೊಡೆಯ ಮೇಲಿತ್ತು. ಅವಳೂ ಕಾಜಲಳೂ ಉಳಿದ ಗಮ್ಮಿನಲ್ಲಿ ಸಿಕ್ಕವರನ್ನೆಲ್ಲ ಮತ್ತೆ ಚಾವಣಿಗೆ ಅಂಟಿಸಿದ್ದರು. ಮುಂದಿನ ಸೀಟಿನಲ್ಲಿ ದತ್ತಾತ್ರಿ ಸರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಸ್ಸು ಹುಮನಾಬಾದ್ ದಾಟಿತು.

ಸುಮಾರು ಹೊತ್ತಿನ ಮೇಲೆ ಪೆನ್ನು ತೆಗೆಯಲು ಜೇಬಿಗೆ ಕೈ ಹಾಕಿದವರು ಹಿಂದಕ್ಕೆ ತಿರುಗಿದರು. ಅವರ ಅಂಗೈಯಲ್ಲಿ ಒಂದು ಬೆಂಕಿಕಡ್ಡಿ.

"ಒಬ್ಬಾವ ಉಳಿದಿದ್ದ ನೋಡವಾ."

ಅರ್ಷಿಯಾ ತೆಗೆದುಕೊಂಡಳು.

"ನಿಮ್ಮ ಅಬ್ಬಾನ್ನ ನೋಡಿ ಎಷ್ಟು ದಿನ ಆತು?"

"ಮೂರು ವರ್ಷ ಆತ್ರಿ."

ಬಸ್ಸು ತಿರುವಿನಲ್ಲಿ ವಾಲಿದಾಗ ಸರ್ ಕೈ ಚಾಚಿ ಸ್ಟೇಡಿಯಮ್ಮಿನ ಅಂಚು ಹಿಡಿದರು. ಆಮೇಲೂ ಆ ಕೈಯನ್ನು ತೆಗೆಯಲಿಲ್ಲ.

ಉಳಿದಿದ್ದ ಕಡ್ಡಿಗೆ ಹೆಲ್ಮೆಟ್ಟು ಇರಲಿಲ್ಲ. ಗಮ್ಮೂ ಮುಗಿದಿತ್ತು. ಅರ್ಷಿಯಾ ಅದನ್ನು ಚಾವಣಿಯ ಮೇಲಿಟ್ಟಳು. ಬಸ್ಸು ಕುಣಿದಾಗ ಬಿತ್ತು. ಮತ್ತೆ ಇಟ್ಟಳು. ಮತ್ತೆ ಬಿತ್ತು. ನೆಟ್ಟಗೆ ಮಾಡಿ ನಿಲ್ಲಿಸೋಣವೆಂದು ಎರಡು ತುದಿ ಹಿಡಿದವಳಿಗೆ ನಿನ್ನೆಯ 'ಚಟ್' ನೆನಪಾಯಿತು. ಕೈ ತಡೆಯಿತು.

ಅವಳು ಖಾಲಿ ಕುರ್ಚಿಗಳ ಸಾಲನ್ನು ನೋಡಿದಳು. ಆಮೇಲೆ ಕಡ್ಡಿಯನ್ನು ಎಲ್ಲಕ್ಕಿಂತ ಮುಂದಿನ ಕುರ್ಚಿಯ ಮೇಲಿಟ್ಟಳು. ಬಗ್ಗಿದ ಸೊಂಟ ಕುರ್ಚಿಯ ಮೂಲೆಗೆ ಸರಿಯಾಗಿ ಹೊಂದಿತು. ಬೆನ್ನು ಹಿಂದಕ್ಕೆ ಒರಗಿತು. ಕಾಲು ಮುಂದಕ್ಕೆ ಚಾಚಿತು.

"ಇವಗ ಹೆಲ್ಮೆಟ್ ಬೇಕೇನು? ನನ್ನ ಕಿಸೇದಾಗ ಇನ್ನಾ ಬ್ಯಾಳಿ ಅದಾವ," ಎಂದಳು ಕಾಜಲ.

"ಬ್ಯಾಡ," ಎಂದಳು ಅರ್ಷಿಯಾ. "ಅವ ಮ್ಯಾಚ್ ನೋಡಾಕತ್ತಾನ."

ಬಸ್ಸು ಮತ್ತೆ ಕುಣಿಯಿತು. ಕೂತವನು ಕದಲಲಿಲ್ಲ.