ಅರಿಶಿನದ ಲಕೋಟೆ

ಲೋಹಿತಾ ಲಕೋಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

“ಇದೇನಾ ಸಾರ್ ನೀವು ನಮ್ಮವ್ವನಿಗೆ ಮಾಡಿದ ಉಪಕಾರ?”

ಮಧುಗಿರಿಯ ಬ್ಯಾಂಕೊಂದರಲ್ಲಿ ವಿಮೆ ಮಾರುವ ಭೀಮರಾಜು ಕುರ್ಚಿಯಿಂದ ಅರ್ಧ ಎದ್ದ. ಮಿಡಿಗೇಶಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಇವಳ ಹೆಸರಿಗೆ ವಿಮೆಯ ಜೊತೆಗೆ ಷೇರುಪೇಟೆಗೂ ಹಣ ಹಾಕುವ ಯುಲಿಪ್ ಪಾಲಿಸಿ ಮಾಡಿಸಿದವನು ಅವನೇ. ಹುಣಸೆಹಣ್ಣು ಮಾರಿದ ಐವತ್ತು ಸಾವಿರ ಎಣಿಸಿಕೊಟ್ಟವಳು ತಾಯಿ ಲಕ್ಕಮ್ಮ.

“ಪಾಲಿಸಿ ಬಾಂಡು ಬಂದು ಇಪ್ಪತ್ತೊಂಬತ್ತು ದಿನ ಆಯ್ತು. ಗೊರವನಹಳ್ಳಿ ಮಾಲಕ್ಷ್ಮಿ ಪಾದಕ್ಕೆ ಮುಟ್ಟಿಸೋವರ್ಗೂ ಒಡೀಬ್ಯಾಡ ಅಂತ ಅವ್ವ ದೇವ್ರ ಗೂಡಲ್ಲಿ ಇಟ್ಬುಟ್ಟಿದ್ಲು. ನಿನ್ನೆ ಮುಟ್ಟಿಸ್ಕೊಂಡು ಬಂದು ಒಡುದ್ರೆ, ಐದು ವರ್ಷ ದುಡ್ಡು ತೆಗೆಯಂಗಿಲ್ವಂತೆ! ಅದು ನನ್ನ ಮದ್ವೆ ದುಡ್ಡು. ಅಲ್ಲೀಗಂಟ ಗಂಡನ್ನ ಬಾಗಿಲಲ್ಲೇ ನಿಲ್ಸನಾ?”

ಮಾತು ಗದರಿದರೂ ತುಟಿಯಂಚಿನಲ್ಲಿ ನಗುವೊಂದು ಇಣುಕಿ ಅಡಗಿತು.

“ಮ್ಯೂಚುವಲ್ ಫಂಡಿಗೆ ಹಾಕಿದ್ರೆ ಹೆಂಗೆ?”

ಉತ್ತರ ಅವನಿಗೆ ಗೊತ್ತಿತ್ತು. ಹೇಳಿದರೆ ತಿಂಗಳ ಟಾರ್ಗೆಟ್ ಹೋಗುತ್ತದೆ. ವರ್ಷ ವರ್ಷ ಕಂತಿನ ನೆಪದಲ್ಲಿ ಅವಳ ಮನೆಯ ಹೊಸ್ತಿಲು ತುಳಿಯುವ ಭಾಗ್ಯವೂ ಹೋಗುತ್ತದೆ. ಅವಳ ಬೆರಳ ತುದಿಯ ಅರಿಶಿನ ನೋಡಿದ. ಸುಳ್ಳು ನಾಲಿಗೆಗೆ ಬರಲಿಲ್ಲ.

“ಮಾರ್ಕೆಟ್ ಏರಿಳಿತ ಎರಡಕ್ಕೂ ಇದೆ ಮೇಡಂ. ಆದ್ರೆ ಇದ್ರಲ್ಲಿ ವಿಮೆಗೆ, ಖರ್ಚಿಗೆ ಅಂತ ಮುರ್ಕೊಂಡು ಮಿಕ್ಕಿದ್ದನ್ನ ಹಾಕ್ತಾರೆ. ಫಂಡಲ್ಲಿ ವಿಮೆ ಇಲ್ಲ, ಬೇಕಾದಾಗ ದುಡ್ಡು ತೆಗೀಬೋದು. ಮದ್ವೆ ಹತ್ರದಲ್ಲೇ ಇದ್ರೆ ರಿಸ್ಕ್ ಕಮ್ಮಿ ಇರೋದೇ ನೋಡ್ಬೇಕು. ವಿಮೆಗೆ ಬೇರೆ, ಬರೀ ಜೀವಕ್ಕೆ ಅಂತ ಇರೋ ಟರ್ಮ್ ಪಾಲಿಸಿ ತಗೊಳ್ಳಿ. ಬಾಂಡು ಕೈಗೆ ಸಿಕ್ಕಿ ಮೂವತ್ತು ದಿನದೊಳಗೆ ವಾಪಸ್ ಕೊಟ್ರೆ, ಸ್ವಲ್ಪ ಹಿಡ್ಕೊಂಡು ದುಡ್ಡು ಕೊಡ್ತಾರೆ. ಇವತ್ತೇ ಕೊಟ್ಬುಡಿ.”

ಅರ್ಜಿಯನ್ನೂ ಅವನೇ ಬರೆದ. ಅವಳು ಸಹಿ ಹಾಕಿದಳು. ಅದರ ಮೇಲೆ ಬಿದ್ದ ಸೀಲಿನ ಸದ್ದು ಅವನ ಎದೆಗೇ ಬಡಿದಂತಾಯಿತು.

“ಮೂರು ಸಲ ಮನೆಗೆ ಬಂದ್ರಲ್ಲ, ಆವಾಗ್ಲೇ ಯಾಕೆ ಹೇಳ್ಲಿಲ್ಲ?”

“ತಪ್ಪು ನಂದೇ. ನೀವು ಕಾಫಿ ತಂದ್ಕೊಟ್ರಿ. ಆಮೇಲೆ ಏನು ಹೇಳ್ದೆ, ಏನು ಬಿಟ್ಟೆ ಗೊತ್ತಾಗ್ಲಿಲ್ಲ.”

“ಒಂದ್ಸಲ ಫೋಟೋ ಮರ್ತೆ ಅಂತ ಬಂದ್ರಿ, ಇನ್ನೊಂದ್ಸಲ ಆಧಾರ್ ಜೆರಾಕ್ಸು. ಮೂರನೇ ಸಲ?”

ಭೀಮರಾಜು ತಲೆ ತಗ್ಗಿಸಿದ. “ಏನೂ ಮರ್ತಿರ್ಲಿಲ್ಲ. ನಿಮ್ಮನ್ನ ನೋಡ್ಬೇಕಿತ್ತು.”

ಲೋಹಿತಾಳ ಕೈಬಳೆ ಸದ್ದು ನಿಂತಿತು. ಅವಳು ಪೆನ್ನಿನ ಕ್ಯಾಪ್ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ಫಂಡಿಗೆ ಸೈನ್ ಹಾಕಿಸ್ಕೊಳ್ಳೋಕೆ ಯಾವತ್ತು ಬರ್ತೀರಾ?”

“ಅದು ಮೊಬೈಲಲ್ಲೇ ಆಗೋಗುತ್ತೆ ಮೇಡಂ. ಯಾರೂ ಬರೋದು ಬೇಕಿಲ್ಲ.”

“ನೋಡಿ, ಅದೊಂದು ಲಾಸು ಮಾತ್ರ ಹೇಳ್ಲೇ ಇಲ್ಲ ನೀವು!”

ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಕೆನ್ನೆ ಕೆಂಪಾಗಿತ್ತು.

“ಭಾನುವಾರ ನಂಗೆ ರಜ. ಬನ್ನಿ. ಫಾರಮ್ಮು ಗೀರಮ್ಮು ಏನೂ ಬ್ಯಾಡ. ನಿಮ್ಮವ್ವನ್ನ ಮಾತ್ರ ಮರೀದೆ ಕರ್ಕೊಂಡ್ ಬನ್ನಿ.”

ಮೇಜಿನ ಮೇಲೆ ಖಾಲಿ ಲಕೋಟೆ ಉಳಿದಿತ್ತು. ಭೀಮರಾಜು ಅದನ್ನು ಕಣ್ಣಿಗೊತ್ತಿಕೊಂಡ. ರೆಪ್ಪೆಗಂಟಿದ ಅರಿಶಿನವನ್ನು ಸಂಜೆಯವರೆಗೂ ಒರೆಸಲಿಲ್ಲ.