ಕೆಂಪು ವೈರು ಬಲಗೈಗೆ

ಪರದೆ ಸರಿಸಿ ಒಳಬಂದವನನ್ನು ಕಂಡದ್ದೇ, ಇಸಿಜಿ ತೆಗೆಯುವವಳ ಕೈಲಿದ್ದ ಎಲೆಕ್ಟ್ರೋಡ್ ಬಿಲ್ಲೆ ಅವಳ ಬೆರಳಿಗೇ ಅಂಟಿಕೊಂಡಿತು.

ಅವನೇ... ಎರಡು ವರ್ಷದ ಹಿಂದೆ, ಮದುವೆಗೆ ತಿಂಗಳಿರುವಾಗ, "ಬೇಡ" ಎಂಬ ಒಂದೇ ಮಾತಲ್ಲಿ ದೂರವಾದವನು.

"ಶರ್ಟು ತೆಗೆದು ಮಲಗಿ."

"ನನಗೂ ಬಹುವಚನವಾ?"

"ಇಲ್ಲಿ ಎಲ್ಲರಿಗೂ ಅದೇ."

ಮಾತೇನೋ ಗಟ್ಟಿಯಾಗಿತ್ತು, ಬೆರಳು ಕೇಳಬೇಕಲ್ಲ. ಎದೆಗೆ ಬಿಲ್ಲೆ ಒತ್ತುವಾಗಲೂ ಕೈಕಾಲಿಗೆ ವೈರು ಸಿಕ್ಕಿಸುವಾಗಲೂ ನಡುಗುತ್ತಲೇ ಇದ್ದವು.

"ಏನಾಗ್ತಿದೆ?"

"ಎದೆ ಹಿಡಿದ ಹಾಗೆ. ಅಪ್ಪನಿಗೂ ಹೀಗೇ ಶುರುವಾಗಿದ್ದು. ಅಣ್ಣನಿಗೂ."

"ನಿಮ್ಮಣ್ಣ ಹೋಗಿದ್ದು ಜ್ವರದಿಂದ ಅಲ್ವಾ?"

"ನಿಮ್ಮನೆಗೆ ಹಾಗೆ ಹೇಳಿದ್ವಿ."

ಕಾಗದ ಸರಸರ ಹೊರಬಂತು. ಮೊದಲ ಸಾಲು ನೋಡಿ ಅವಳ ಜೀವ ಬಾಯಿಗೆ ಬಂತು. ಮೇಲೇಳಬೇಕಾದ ಅಲೆಗಳೆಲ್ಲ ತಲೆಕೆಳಗಾಗಿದ್ದವು.

ಅವಳ ಮುಖದಲ್ಲೇ ಅವನು ಓದಿಕೊಂಡ.

"ಗೊತ್ತಿತ್ತು. ಅದಕ್ಕೇ ಬೇಡ ಅಂದಿದ್ದು. ಅಮ್ಮನ್ನ ನೋಡಿದೀನಿ, ಅತ್ತಿಗೆನ ನೋಡಿದೀನಿ. ಮೂರನೆಯವಳು ನೀನಾಗೋದು ನನಗೆ ಬೇಕಿರಲಿಲ್ಲ."

ಎರಡು ವರ್ಷ ಕಟ್ಟಿಟ್ಟ ಕೋಪ ಎಲ್ಲಿ ಹೋಯಿತೋ! ಆ ಜಾಗದಲ್ಲಿ ಬರೀ ಭಯ. 'ಈಗಷ್ಟೇ ಸಿಕ್ಕಿದಾನೆ... ಈಗಲೇ ಕಿತ್ಕೋಬೇಡ ದೇವರೇ...'

ಡಾಕ್ಟರನ್ನು ಕೂಗಲು ತಿರುಗಿದವಳ ಕಣ್ಣಿಗೆ ಅವನ ಬಲ ಮಣಿಕಟ್ಟು ಬಿತ್ತು.

ಹಳದಿ ವೈರು.

ಬಲಗೈಗೆ ಕೆಂಪು, ಎಡಗೈಗೆ ಹಳದಿ. ಎಂಟು ವರ್ಷದಲ್ಲಿ ಒಮ್ಮೆಯೂ ತಪ್ಪದವಳು ಇವತ್ತು ಅದಲುಬದಲು ಮಾಡಿದ್ದಳು. ವೈರು ಹಾಗೆ ಅದಲುಬದಲಾದರೆ ಎಂಥ ಗಟ್ಟಿ ಹೃದಯವೂ ಕಾಗದದ ಮೇಲೆ ಮಗುಚಿಕೊಳ್ಳುತ್ತದೆ.

ವೈರು ಬದಲಿಸಿ ಮತ್ತೆ ಗುಂಡಿ ಒತ್ತಿದಳು. ಅಲೆಗಳು ಒಂದೊಂದಾಗಿ ನೆಟ್ಟಗೆ ಎದ್ದುನಿಂತವು.

ಡಾಕ್ಟರು ಬಂದು, ಅವನ ಅಪ್ಪ, ಅಣ್ಣನ ವಿಷಯ ಕೇಳಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದರು. "ಇದರಲ್ಲೇನೂ ತೊಂದರೆ ಕಾಣ್ತಿಲ್ಲ. ಆದರೂ ಮನೆತನದಲ್ಲಿದೆಯಲ್ಲ, ರಕ್ತ ಪರೀಕ್ಷೆ ಆಗಲಿ. ವರ್ಷವರ್ಷ ಬಂದು ತೋರಿಸಬೇಕು." ಹೊರಡುವ ಮುಂಚೆ ಅವಳತ್ತ ನೋಡಿದರು. "ನಿನಗೂ ಒಂದು ಇಸಿಜಿ ತೆಗೀಬೇಕೇನಮ್ಮಾ? ಹೀಗೆ ನಡುಗ್ತಿದೀಯ."

ಅವಳು ತಲೆತಗ್ಗಿಸಿ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ನನಗಿನ್ನೂ ಭಯ ಹೋಗಿಲ್ಲ," ಎಂದ ಅವನು.

"ನನಗೂ ಇಲ್ಲ. ಆದರೆ ಇನ್ಮೇಲೆ ನೀನೊಂದು ಕಡೆ, ನಾನೊಂದು ಕಡೆ ಕೂತು ಹೆದರೋದು ಬೇಡ... ಕೈ ಕೊಡು, ಒಂದು ಉಳಿದಿದೆ."

ಬಿಲ್ಲೆ ಕಿತ್ತು ಬಂದ ಮೇಲೂ ಅವಳು ಆ ಕೈ ಬಿಡಲಿಲ್ಲ.

"ಬಹುವಚನ ಎಲ್ಲಿ ಹೋಯ್ತು?"

"ಸುಮ್ಮನಿರು... ಹೆದರಿಸಿದ್ದು ಸಾಲದಾ?"